ಹದಿನೇಳರ ಆಯ್ಕೆಗೆ ಜೀವಾವಧಿ ಶಿಕ್ಷೆಯೇ?

“ಓದಿದ್ದು ಬಿ.ಕಾಂ., ಪಿಎಚ್.ಡಿ. ಮಾತ್ರ ಇನ್ಯಾವುದರಲ್ಲೋ ಮಾಡ್ತಾಳಂತೆ!” ಮಲೆನಾಡಿನ ನಮ್ಮ ಅಡ್ಡಗದ್ದೆ ಕಡೆಯ ಮದುವೆಮನೆಯ ಪಂಕ್ತಿಯಲ್ಲಿ ಈ ಮಾತು ಎದ್ದರೆ, ಹಿಂದೆಯೇ “ಅಷ್ಟು ವರ್ಷ ಓದಿದ್ದೆಲ್ಲ ದಂಡ” ಎಂಬ ತೀರ್ಪೂ ಬರುತ್ತದೆ. ಪಂಕ್ತಿಯಲ್ಲಿ ಕೂತವರ ಮಾತನ್ನು ಬಿಡಬಹುದು. ಅವರಿಗೆ ಮಕ್ಕಳ ನೌಕರಿಯ ಚಿಂತೆ, ಮದುವೆಯ ಚಿಂತೆ. ಆದರೆ ಅದೇ ತೀರ್ಪನ್ನು ವಿಶ್ವವಿದ್ಯಾಲಯದ ಸಂದರ್ಶನ ಕೊಠಡಿಯಲ್ಲಿ ಕೂತ ಪ್ರಾಧ್ಯಾಪಕರು ಕೊಡುತ್ತಾರಲ್ಲ, “ಅಭ್ಯರ್ಥಿಗೆ ಸಂಬಂಧಿತ ವಿಷಯದಲ್ಲಿ ಪದವಿ ಇಲ್ಲ” ಎಂದು ಷರಾ ಬರೆದು ಸಹಿ ಹಾಕುತ್ತಾರಲ್ಲ, ಅದನ್ನು ಹೇಗೆ ಬಿಡುವುದು?

ಅಂಥದೊಂದು ಸಂದರ್ಶನದ ವಿಷಯ ನನಗೆ ಹತ್ತಿರದಿಂದ ಗೊತ್ತು. ನಮ್ಮ ಕಡೆಯ ಹುಡುಗಿ, ವಾಣಿಜ್ಯ ಓದಿದವಳು. ಅಪ್ಪನ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ತಗಲಿದ ಮೇಲೆ ಯಾವ ಸಾಲಿನ ಯಾವ ಮರ ಯಾವಾಗ ಹಳದಿಯಾಯಿತು, ಎಷ್ಟು ಗೊನೆ ಬಿಟ್ಟಿತು, ಗೊಬ್ಬರಕ್ಕೂ ಕೂಲಿಗೂ ಎಷ್ಟು ಹೋಯಿತು, ಸಾಲದ ಕಂತು ಯಾವ ತಿಂಗಳು ತಪ್ಪಿತು ಎಂದು ವರ್ಷಗಟ್ಟಲೆ ಬರೆದಿಟ್ಟವಳು. ಆ ನೋಟ್‌ಬುಕ್ ಹಿಡಿದುಕೊಂಡೇ ಸಂದರ್ಶನಕ್ಕೆ ಹೋಗಿದ್ದಳು. ಮೇಜಿನ ಆಚೆಯವರು ಅವಳ ಅಂಕಪಟ್ಟಿ ತಿರುವಿಹಾಕಿದರು, ನೋಟ್‌ಬುಕ್ ಮುಟ್ಟಲೂ ಇಲ್ಲ. ಇದು ಸಸ್ಯರೋಗಶಾಸ್ತ್ರವೋ ಸಮಾಜಶಾಸ್ತ್ರವೋ ಮೊದಲು ತೀರ್ಮಾನಿಸಿಕೊಂಡು ಬನ್ನಿ, ಎರಡರಲ್ಲೂ ನಿಮಗೆ ಡಿಗ್ರಿ ಇಲ್ಲವಲ್ಲ ಎಂದರು. ಅವಳ ಪ್ರಶ್ನೆ ಸರಿಯೋ ತಪ್ಪೋ, ಅವಳ ಲೆಕ್ಕ ನಂಬಬಹುದೋ ಇಲ್ಲವೋ, ಯಾರೂ ಕೇಳಲಿಲ್ಲ.

ಪದವಿ ಒಂದರಲ್ಲಿ, ಸಂಶೋಧನೆ ಇನ್ನೊಂದರಲ್ಲಿ ಎಂದರೆ ಅದು ಚಂಚಲ ಬುದ್ಧಿ, ಹಿಂಬಾಗಿಲ ಪ್ರವೇಶ, ಗುಣಮಟ್ಟಕ್ಕೆ ಕುತ್ತು. ಇದು ಕರ್ನಾಟಕದ ವಿದ್ಯಾವಂತರಲ್ಲಿ ಪ್ರಶ್ನೆಯಿಲ್ಲದೆ ಚಲಾವಣೆಯಲ್ಲಿರುವ ನಂಬಿಕೆ. ಈ ನಂಬಿಕೆ ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದು ಮಲೆನಾಡಿನಂಥ ಕಡೆಯ ಮಕ್ಕಳಿಗೆ ನೇರವಾಗಿ ಮಾಡುತ್ತಿರುವ ಅನ್ಯಾಯ.

ಅಡ್ಡಗದ್ದೆಯ ಮಗುವೊಂದು ತನ್ನ “ವಿಷಯ”ವನ್ನು ಹೇಗೆ ಆರಿಸಿಕೊಳ್ಳುತ್ತದೆ ಎಂಬುದನ್ನು “ಸಂಬಂಧಿತ ವಿಷಯ”ದ ನಿಯಮ ಬರೆದವರು ಒಮ್ಮೆಯಾದರೂ ವಿಚಾರಿಸಿದ್ದಾರೆಯೇ? ಎಸ್ಸೆಸ್ಸೆಲ್ಸಿ ಮುಗಿದ ಮಳೆಗಾಲದಲ್ಲಿ ಬೆಳಗಿನ ಬಸ್ಸು ಎಲ್ಲಿಗೆ ಹೋಗುತ್ತದೋ ಅಲ್ಲಿನ ಕಾಲೇಜು. ಆ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆಯೋ ಅದು. ವಿಜ್ಞಾನ ತೆಗೆದುಕೊಂಡರೆ ಟ್ಯೂಷನ್ ಬೇಕು, ಟ್ಯೂಷನ್ನಿಗೆ ಶಿವಮೊಗ್ಗವೋ ಮಂಗಳೂರೋ ಬೇಕು, ಅಲ್ಲಿ ಹಾಸ್ಟೆಲ್ಲಿಗೆ ದುಡ್ಡು ಬೇಕು. ಅಣ್ಣನನ್ನು ಅಲ್ಲಿಗೆ ಕಳಿಸಿ ತಂಗಿಯನ್ನು ಶೃಂಗೇರಿಯಲ್ಲೋ ಕೊಪ್ಪದಲ್ಲೋ ಬಿ.ಎ., ಬಿ.ಕಾಂ.ಗೆ ಸೇರಿಸಿದ ಮನೆಗಳು ಎಷ್ಟು ಬೇಕು? ಸಂಜೆ ಕತ್ತಲಾಗುವುದರೊಳಗೆ ಮನೆ ಸೇರಬಹುದು ಎಂಬುದೇ ಅಲ್ಲಿ ವಿಷಯದ ಆಯ್ಕೆ. ಹದಿನೇಳನೆಯ ವಯಸ್ಸಿನಲ್ಲಿ ಬಸ್ಸಿನ ವೇಳೆ, ಮನೆಯ ಹಣ, ಹೆಣ್ಣು ಎಂಬ ಹಣೆಪಟ್ಟಿ ಮೂರೂ ಸೇರಿ ಮಾಡಿದ ಆ ಆಯ್ಕೆಯನ್ನು ಮೂವತ್ತರ ಹೊತ್ತಿಗೆ ಅವಳ ಮುಂದೆ ಹಿಡಿದು “ಇದು ನಿಮ್ಮ ಕ್ಷೇತ್ರ, ಇದರಾಚೆ ಕಾಲಿಡಬೇಡಿ” ಎನ್ನುವುದು ಯಾವ ನ್ಯಾಯ?

ಪಿಯುಸಿ ಬಿ.ಎ.ಯನ್ನು ಕಟ್ಟಿಹಾಕುತ್ತದೆ, ಬಿ.ಎ. ಎಂ.ಎ.ಯನ್ನು, ಎಂ.ಎ. ಪಿಎಚ್.ಡಿ.ಯನ್ನು. ಪದವಿಯಲ್ಲಿ ಐಚ್ಛಿಕವಾಗಿ ಓದಿರದ ವಿಷಯದಲ್ಲಿ ಎಂ.ಎಸ್ಸಿ.ಗೆ ಅರ್ಜಿ ಹಾಕಿ ನೋಡಿ, ಗೊತ್ತಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ಓದಿದ, ನಗರದ ಮನೆಯ ಮಗು ಇದನ್ನು ದಾಟುತ್ತದೆ: ತಪ್ಪು ಕೋರ್ಸ್ ಅನ್ನಿಸಿದರೆ ಬಿಟ್ಟು ಇನ್ನೊಂದಕ್ಕೆ ಸೇರುತ್ತದೆ, ಇಲ್ಲವೇ ವಿದೇಶಕ್ಕೆ ಹೋಗಿ ಬೇರೆ ವಿಷಯ ಹಿಡಿಯುತ್ತದೆ. ಮೊದಲ ತಲೆಮಾರಿನಲ್ಲಿ ಕಾಲೇಜು ಕಂಡವರಿಗೆ ಎರಡನೆಯ ಅವಕಾಶವೆಂದರೆ ಪಿಎಚ್.ಡಿ. ಪ್ರವೇಶವೊಂದೇ. ನಾವು ಮುಚ್ಚಿರುವುದು ಸರಿಯಾಗಿ ಅದನ್ನೇ.

ಈಗ ಪ್ರಶ್ನೆಯನ್ನು ತೋಟದಲ್ಲೇ ನಿಂತು ನೋಡೋಣ. ಹಳದಿ ಎಲೆ ರೋಗ ಬಂದ ಅಡಿಕೆ ಮರದಲ್ಲಿ ಹೊರಸುತ್ತಿನ ಸೋಗೆಗಳ ತುದಿಯಿಂದ ಹಳದಿ ಶುರುವಾಗಿ ಒಳಕ್ಕೆ ಇಳಿಯುತ್ತದೆ. ಬೇರಿನ ತುದಿ ಕಪ್ಪಾಗಿ ಕೊಳೆಯುತ್ತದೆ. ಎಳೆಕಾಯಿ ಉದುರುತ್ತದೆ. ಉಳಿದ ಕಾಯಿ ಒಡೆದರೆ ತಿರುಳು ಮೆತ್ತಗೆ, ಕಂದು ಬಣ್ಣ. ಚಾಲಿಗೂ ಆಗದು, ಕೆಂಪಡಿಕೆಗೂ ಆಗದು. ವರ್ಷದಿಂದ ವರ್ಷಕ್ಕೆ ಮರದ ಮಂಡೆ ಕಿರಿದಾಗುತ್ತದೆ. ಕೊಳೆರೋಗಕ್ಕಾದರೆ ಮಳೆಗೆ ಮೊದಲು ಮೈಲುತುತ್ತ, ಸುಣ್ಣದ ದ್ರಾವಣ ಹೊಡೆದು ತಡೆಯಬಹುದು. ಇದಕ್ಕೆ ಹೊಡೆಯುವ ಮದ್ದೇ ಇಲ್ಲ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಸಾಗಿಸುತ್ತದೆ ಎಂಬಷ್ಟು ವಿಜ್ಞಾನ ಹೇಳಿದೆ. ಈ ರೋಗದ ಕ್ರೌರ್ಯವೆಂದರೆ ಅದು ಮರವನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ. ಮರ ನಿಂತಿರುತ್ತದೆ, ಇಳುವರಿ ಇಳಿಯುತ್ತಿರುತ್ತದೆ, ಸಾಲ ಏರುತ್ತಿರುತ್ತದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರು ತಾಲ್ಲೂಕುಗಳ ಅಡಿಕೆ ಮನೆಗಳು ತಲೆಮಾರುಗಳಿಂದ ಈ ನಿಧಾನದ ಕುಸಿತದಲ್ಲಿ ಬದುಕಿವೆ.

ಇಲ್ಲಿ ಏನು ಸಂಶೋಧಿಸಬೇಕು? ಜಿಗಿಹುಳು ಯಾವ ಗಿಡದಲ್ಲಿ ಬೇಸಿಗೆ ಕಳೆಯುತ್ತದೆ ಎಂಬುದನ್ನೇ? ರೋಗದ ಮರವನ್ನು ಕಡಿಯಬೇಕು ಎಂದು ಗೊತ್ತಿದ್ದೂ ರೈತ ಏಕೆ ಕಡಿಯುವುದಿಲ್ಲ ಎಂಬುದನ್ನೇ? ತೋಟದ ಮೇಲೆ ತೆಗೆದ ಸಾಲಕ್ಕೂ ಕಡಿಯದೆ ಉಳಿದ ಮರಕ್ಕೂ ಏನು ಸಂಬಂಧ? ಪಕ್ಕದ ತೋಟದವನು ಬೆಂಗಳೂರು ಸೇರಿ ತೋಟ ಹಾಳುಬಿಟ್ಟರೆ ರೋಗ ಎಷ್ಟು ಬೇಗ ಹರಡುತ್ತದೆ? ತೋಟ ಕಾಫಿಗೆ, ಮೆಣಸಿಗೆ ತಿರುಗಿದಾಗ ಮನೆಯ ಹೆಂಗಸರ ದುಡಿಮೆ ಎಷ್ಟು ಹೆಚ್ಚಿತು? ಕೀಟಶಾಸ್ತ್ರ, ಲೆಕ್ಕಶಾಸ್ತ್ರ, ಸಮಾಜಶಾಸ್ತ್ರ ಒಂದೇ ತೋಟದಲ್ಲಿ, ಒಂದೇ ಮರದ ಬುಡದಲ್ಲಿ ಸೇರುತ್ತವೆ. ಸಸ್ಯರೋಗ ವಿಭಾಗದವರು ಮರ ನೋಡುತ್ತಾರೆ, ಸಾಲ ನೋಡುವುದಿಲ್ಲ. ಅರ್ಥಶಾಸ್ತ್ರದವರು ಸಾಲ ನೋಡುತ್ತಾರೆ, ಹುಳ ನೋಡುವುದಿಲ್ಲ. ಎರಡನ್ನೂ ಕೂಡಿಸಿ ನೋಡಲು ಬಂದವಳನ್ನು ಡಿಗ್ರಿ ಇಲ್ಲ ಎಂದು ಕಳಿಸುತ್ತೇವೆ!

ಮಂಗನ ಕಾಯಿಲೆಯದೂ ಇದೇ ಕಥೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಇವತ್ತು ನಮ್ಮ ಮೂರೂ ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಹೆದರಿಸುತ್ತದೆ. ವೈರಸ್ಸು ಯಾವುದು, ಅದನ್ನು ಹರಡುವ ಉಣುಗು ಯಾವುದು ಎಂಬುದು ಗೊತ್ತಾಗಿ ಬಹಳ ಕಾಲವಾಯಿತು. ಗೊತ್ತಿಲ್ಲದ್ದು ಬೇರೆ ಇದೆ. ಆರೋಗ್ಯ ಇಲಾಖೆ ಮೈಗೆ ಹಚ್ಚಿಕೊಳ್ಳಲು ಕೊಟ್ಟ ತೈಲವನ್ನು ದರಗು ಗುಡಿಸಲು ಹೋಗುವ ಹೆಂಗಸು ಏಕೆ ಹಚ್ಚಿಕೊಳ್ಳುವುದಿಲ್ಲ? ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಹಕ್ಕು, ದನ ಮೇಯುವ ದಾರಿ, ಕಾಡಂಚಿನ ಒತ್ತುವರಿ ಇವೆಲ್ಲ ಉಣುಗು ಹೆಚ್ಚುವುದಕ್ಕೆ ಹೇಗೆ ಕಾರಣವಾಗುತ್ತವೆ? ಕನ್ನಡ ಎಂ.ಎ. ಮಾಡಿದ, ಆ ಹೆಂಗಸಿನ ಮಾತು ಅವಳ ಧಾಟಿಯಲ್ಲೇ ಅರ್ಥವಾಗುವ ಯುವಕನೊಬ್ಬ ಈ ಪ್ರಶ್ನೆ ಹಿಡಿದು ಸಾರ್ವಜನಿಕ ಆರೋಗ್ಯದಲ್ಲಿ ಸಂಶೋಧನೆಗೆ ಬರುತ್ತೇನೆ ಎಂದರೆ ಕೈಮುಗಿದು ಒಳಗೆ ಕರೆಯಬೇಕಲ್ಲವೇ?

“ಬುನಾದಿ ಇಲ್ಲದವರು ಮೇಲಂತಸ್ತು ಕಟ್ಟಲಾರರು” ಎಂಬ ವಾದ ಗೊತ್ತು. ಹಾಗಾದರೆ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರ ವಿಷಯದಲ್ಲಿ ಏನು ಹೇಳುತ್ತೀರಿ? 1971ರಲ್ಲಿ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದವರು ಅವರು. ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಇರಲಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಅಧ್ಯಯನದ ಸ್ನಾತಕೋತ್ತರ ಪದವಿ ಪಡೆದರು. 1993ರಲ್ಲಿ ಅನ್ವಯಿಕ ಪ್ರಾಣಿಶಾಸ್ತ್ರದಲ್ಲಿ ಅವರಿಗೆ ಪಿಎಚ್.ಡಿ. ಕೊಟ್ಟದ್ದು ನಮ್ಮದೇ ಮಂಗಳೂರು ವಿಶ್ವವಿದ್ಯಾಲಯ. ಆಗ ದೇಶದಲ್ಲಿ ಹುಲಿ ಗಣತಿ ನಡೆಯುತ್ತಿದ್ದುದು ಹೆಜ್ಜೆಗುರುತಿನ ಮೇಲೆ. ಗಾರ್ಡುಗಳು ಕೆಸರಿನ ಹೆಜ್ಜೆಯ ಮೇಲೆ ಗಾಜಿಟ್ಟು ರೇಖೆ ಎಳೆದು ತರುತ್ತಿದ್ದರು, ಅಧಿಕಾರಿಗಳು ಅದನ್ನು ನೋಡಿ ಇದು ಇಂಥ ಹುಲಿ ಎನ್ನುತ್ತಿದ್ದರು. ಅರಣ್ಯಶಾಸ್ತ್ರದಲ್ಲಿ ತರಬೇತಿ ಪಡೆದವರೇ ದಶಕಗಳ ಕಾಲ ಆ ಅಂಕಿಗಳಿಗೆ ಸಹಿ ಹಾಕಿದರು. ಈ ಎಣಿಕೆಯಲ್ಲಿ ತಪ್ಪು ಎಷ್ಟಿರಬಹುದು ಎಂದು ಪಟ್ಟುಹಿಡಿದು ಕೇಳಿದವರು ಕಾರಂತರು. ಪ್ರತಿ ಹುಲಿಯ ಪಟ್ಟೆಯೂ ಬೇರೆ ಎಂಬುದನ್ನು ಆಧಾರ ಮಾಡಿಕೊಂಡು, ನಾಗರಹೊಳೆಯ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಮತ್ತೆ ಮತ್ತೆ ಸಿಕ್ಕ ಹುಲಿಗಳ ಲೆಕ್ಕದಿಂದ ಸಿಗದ ಹುಲಿಗಳನ್ನೂ ಅಂದಾಜಿಸುವ ಸಂಖ್ಯಾಶಾಸ್ತ್ರದ ವಿಧಾನವನ್ನು ಅವರು ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆಗೂಡಿ ಹುಲಿಗೆ ಅಳವಡಿಸಿದರು.

ಹಳೆಯ ವಿಧಾನದ ಬಂಡವಾಳ ಬಯಲಾದದ್ದು ರಾಜಸ್ಥಾನದ ಸರಿಸ್ಕಾದಲ್ಲಿ. ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. ಆಮೇಲೆ ಹೆಜ್ಜೆಗುರುತಿನ ಗಣತಿಯನ್ನು ಕೈಬಿಡಲಾಯಿತು. ನರಸಿಂಹರಾಜಪುರದ ಹಿನ್ನೀರಿನಾಚೆಯ ಭದ್ರಾ ಕಾಡಿನ ಹುಲಿಯನ್ನೂ ಇವತ್ತು ಎಣಿಸುವುದು ಕ್ಯಾಮೆರಾದಿಂದಲೇ. ಅಂದು “ನಿಮ್ಮದು ಮೆಕ್ಯಾನಿಕಲ್, ಹುಲಿ ನಿಮ್ಮ ವಿಷಯವಲ್ಲ” ಎಂದು ಮಂಗಳೂರಿನಲ್ಲಿ ಯಾರಾದರೂ ಷರಾ ಬರೆದಿದ್ದರೆ? ವಿಷಯದ ಒಳಗೇ ಬೆಳೆದವರಿಗೆ ರೂಢಿಯಾಗಿ ಹೋದ ತಪ್ಪು ಹೊರಗಿನಿಂದ ಬಂದ ಕಣ್ಣಿಗೆ ಬೀಳುತ್ತದೆ. ಹೊರಗಿನವರನ್ನು ಒಳಗೆ ಬಿಡಬೇಕಾದದ್ದು ದಯೆಯಿಂದಲ್ಲ, ಆ ವಿಷಯದ ಆರೋಗ್ಯಕ್ಕಾಗಿಯೇ.

ಕಾರಂತರದು ಅಪವಾದ ಎನ್ನುತ್ತೀರಾ? ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಎ.ಕೆ. ರಾಮಾನುಜನ್ 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದದ್ದು ಭಾಷಾವಿಜ್ಞಾನದಲ್ಲಿ, ಅದೂ ಕನ್ನಡ ವ್ಯಾಕರಣದ ಮೇಲೆ. ಅರ್ಥಶಾಸ್ತ್ರದಲ್ಲಿ ಎರಡು ಪದವಿ ಪಡೆದ ರಾಮಚಂದ್ರ ಗುಹಾ ಕಲ್ಕತ್ತೆಯ ಐಐಎಂನಲ್ಲಿ ಹಿಮಾಲಯದ ಕಾಡಿನ ಜನರ ಹೋರಾಟದ ಮೇಲೆ ಸಮಾಜಶಾಸ್ತ್ರದ ಸಂಶೋಧನೆ ಮಾಡಿದರು. ಈ ದೇಶದ ಪರಿಸರ ಇತಿಹಾಸದ ಅಧ್ಯಯನಕ್ಕೆ ದಾರಿ ಮಾಡಿದ ಕೆಲಸ ಅದು. ಮೆಕ್ಯಾನಿಕಲ್ ಎಂಜಿನಿಯರಿಂಗ್, ಲೋಹಶಾಸ್ತ್ರ ಓದಿದ ಶತಾವಧಾನಿ ಆರ್. ಗಣೇಶರಿಗೆ ಅವಧಾನ ಕಲೆಯ ಅಧ್ಯಯನಕ್ಕೆ ಡಿ.ಲಿಟ್. ಕೊಟ್ಟದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದ ವೆಂಕಿ ರಾಮಕೃಷ್ಣನ್ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ತರಗತಿಯಲ್ಲಿ ಕೂತರು. 2009ರ ನೊಬೆಲ್ ಬಂದದ್ದು ರೈಬೋಸೋಮಿನ ಕೆಲಸಕ್ಕೆ, ರಸಾಯನಶಾಸ್ತ್ರದಲ್ಲಿ. ಇಷ್ಟೊಂದು ಅಪವಾದಗಳಿರುವ ನಿಯಮವನ್ನು ಇನ್ನೂ ನಿಯಮ ಎನ್ನಬೇಕೇ? ಇವರ ಹೆಸರಿನಲ್ಲಿ ಸನ್ಮಾನ ಸಮಾರಂಭ ಮಾಡುವ ನಾವು, ಇವರು ನಡೆದ ದಾರಿಯನ್ನು ನಮ್ಮ ಮಕ್ಕಳಿಗೆ ಏಕೆ ಮುಚ್ಚಿದ್ದೇವೆ?

ಇನ್ನು ಗುಣಮಟ್ಟದ ಮಾತು. ಪಿಯುಸಿಯಿಂದ ಪಿಎಚ್.ಡಿ.ವರೆಗೆ ಒಂದೇ ವಿಷಯದ ಹಳಿಯ ಮೇಲೆ ಬಂದವರ ಮಹಾಪ್ರಬಂಧಗಳನ್ನು ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಿ ತೆಗೆದು ನೋಡಿ. ಒಬ್ಬ ಲೇಖಕನ ಹೆಸರು, ಮುಂದೆ “ಒಂದು ಅಧ್ಯಯನ”. ಒಂದು ತಾಲ್ಲೂಕಿನ ಹೆಸರು, ಮುಂದೆ “ಒಂದು ಸಮಗ್ರ ಅಧ್ಯಯನ”. ಮೊದಲ ಅಧ್ಯಾಯದಲ್ಲಿ ಜಿಲ್ಲೆಯ ಭೌಗೋಳಿಕ ಹಿನ್ನೆಲೆ, ಕೊನೆಯ ಅಧ್ಯಾಯದಲ್ಲಿ ಉಪಸಂಹಾರ, ನಡುವೆ ಹಿಂದಿನವರು ಹೇಳಿದ್ದೇ. ಇವರೆಲ್ಲರಿಗೂ “ಸಂಬಂಧಿತ ವಿಷಯದ ಪದವಿ” ಇತ್ತಲ್ಲ? ಆ ಪದವಿ ಇವರ ಪ್ರಬಂಧವನ್ನು ಕಾಪಾಡಿತೇ?

ಬುನಾದಿ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಅದನ್ನು ಪರೀಕ್ಷಿಸಲು ದಾರಿ ಆಗಲೇ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರವೇಶ ಪರೀಕ್ಷೆ ಇದೆ. ಅದರಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ಆಯಾ ವಿಷಯ. ಆಮೇಲೆ ಸಂದರ್ಶನ ಇದೆ. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇದೆ, ಸಹ ಮಾರ್ಗದರ್ಶಕರನ್ನು ನೇಮಿಸುವ ಅವಕಾಶ ಇದೆ. ಸಸ್ಯರೋಗದ ಪ್ರಶ್ನೆಪತ್ರಿಕೆಯಲ್ಲಿ ಪಾಸಾದ ವಾಣಿಜ್ಯ ಪದವೀಧರೆಗೆ ಸಸ್ಯರೋಗ ಗೊತ್ತಿಲ್ಲ ಎನ್ನಲು ನಿಮ್ಮ ಬಳಿ ಇನ್ಯಾವ ಆಧಾರವಿದೆ? ಪರೀಕ್ಷೆಯನ್ನು ನೀವೇ ಮಾಡಿ, ಫಲಿತಾಂಶವನ್ನು ನೀವೇ ನಂಬದಿದ್ದರೆ ಆ ಪರೀಕ್ಷೆ ಏಕೆ?

ನಿಜವಾದ ಕಾರಣ ಗುಣಮಟ್ಟವಲ್ಲ, ವಿಭಾಗಗಳ ಗಡಿ ಕಾವಲು. ಸೀಟು ನಮ್ಮದು, ಹುದ್ದೆ ನಮ್ಮವರದು, ಕಾರ್ಯಭಾರ ನಮ್ಮ ವಿಭಾಗದ್ದು. ಹೊರಗಿನವರನ್ನು ಪಿಎಚ್.ಡಿ.ಗೆ ಸೇರಿಸಿಕೊಂಡರೆ ನಾಳೆ ಅವರು ಹುದ್ದೆಗೂ ಬರುತ್ತಾರೆ ಎಂಬ ಹೆದರಿಕೆ. ಈ ಹೆದರಿಕೆಗೆ ಬೆಂಬಲವಾಗಿ ಯುಜಿಸಿಯ 2018ರ ನೇಮಕಾತಿ ನಿಯಮಾವಳಿ ನಿಂತಿದೆ: ಸಹಾಯಕ ಪ್ರಾಧ್ಯಾಪಕರಾಗಲು ಆಯಾ ಅಥವಾ ಹೊಂದುವ ವಿಷಯದಲ್ಲೇ ಸ್ನಾತಕೋತ್ತರ ಪದವಿ ಬೇಕು. ಅಂದರೆ ಹೇಗೋ ಹೋರಾಡಿ ಬೇರೆ ವಿಷಯದಲ್ಲಿ ಪಿಎಚ್.ಡಿ. ಮುಗಿಸಿದರೂ, ಡಾಕ್ಟರೇಟ್ ಪಡೆದ ವಿಷಯವನ್ನೇ ಪಾಠ ಮಾಡಲು ಅನರ್ಹ. ಅತ್ಯುನ್ನತ ಪದವಿ ಕೊಟ್ಟ ವಿಶ್ವವಿದ್ಯಾಲಯವೇ ಆ ಪದವಿಯನ್ನು ನಂಬದ ಸ್ಥಿತಿ ಇದು.

ಇದನ್ನು ಸರಿಪಡಿಸುವ ಒಂದು ಅಂಶ 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡಿನಲ್ಲಿತ್ತು. ಪದವಿ, ಸ್ನಾತಕೋತ್ತರ ಪದವಿ ಬೇರೆ ವಿಷಯದಲ್ಲಿದ್ದರೂ ಪಿಎಚ್.ಡಿ. ಪಡೆದ ವಿಷಯದಲ್ಲಿ ಬೋಧಿಸಬಹುದು ಎಂದಿತ್ತು ಅದು. ಕರ್ನಾಟಕದಲ್ಲಿ ಆ ಕರಡಿನ ಮೇಲೆ ದೊಡ್ಡ ಚರ್ಚೆಯೇ ಆಯಿತು. ಆದರೆ ಚರ್ಚೆಯೆಲ್ಲ ಕುಲಪತಿಗಳನ್ನು ಯಾರು ನೇಮಿಸಬೇಕು ಎಂಬುದರ ಸುತ್ತ. ಆ ವಿರೋಧಕ್ಕೆ ಗಟ್ಟಿ ಕಾರಣಗಳಿದ್ದವು, ನಾನೂ ಅದರ ಪರ. ಆದರೆ ಬಡವರ ಮಕ್ಕಳಿಗೆ ಬಾಗಿಲು ತೆರೆಯುವ ಆ ಒಂದು ಅಂಶವನ್ನು ಎತ್ತಿಹಿಡಿದು “ಇದು ನಮಗೆ ಬೇಕು” ಎಂಬ ಕೂಗು ಏಕೆ ಏಳಲಿಲ್ಲ? ಕುರ್ಚಿಯ ಪ್ರಶ್ನೆಗೆ ಬೀದಿಗಿಳಿಯುವ ನಾವು ವಿದ್ಯಾರ್ಥಿಯ ಪ್ರಶ್ನೆಗೆ ಬಾಯಿ ಬಿಡುವುದಿಲ್ಲವೇ?

ನಿಯಮಗಳ ನಡುವಿನ ಗೊಂದಲವನ್ನೂ ನೋಡಿ. ಶೇಕಡಾ 75 ಅಂಕದೊಡನೆ ನಾಲ್ಕು ವರ್ಷದ ಪದವಿ ಮುಗಿಸಿದವರು ತಮ್ಮ ಪದವಿಯ ವಿಷಯ ಯಾವುದೇ ಇರಲಿ, ಇಷ್ಟಪಟ್ಟ ವಿಷಯದಲ್ಲಿ ನೆಟ್ ಪರೀಕ್ಷೆ ಬರೆದು ಪಿಎಚ್.ಡಿ. ಸೇರಬಹುದು ಎಂದು 2024ರಲ್ಲಿ ಯುಜಿಸಿ ಹೇಳಿತು. ಎಂ.ಎ. ಮಾಡಿದವರಿಗೆ ಮಾತ್ರ ಎಂ.ಎ. ವಿಷಯದಲ್ಲೇ ಬರೆಯಿರಿ ಎಂಬ ಸೂಚನೆ. ಅದೇ 2024ರ ಮೇ ತಿಂಗಳಲ್ಲಿ ಕರ್ನಾಟಕ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ಮರಳಿದ್ದು ತಪ್ಪು ಎನ್ನುತ್ತಿಲ್ಲ; ನಮ್ಮ ಮನೆಗಳಿಗೆ ಇನ್ನೊಂದು ವರ್ಷದ ಫೀಸು ಹೊರೆಯೇ. ಆದರೆ ಮರಳುವಾಗ ಮುಚ್ಚಿಹೋದ ಬಾಗಿಲಿಗೆ ಬದಲಿ ಬಾಗಿಲು ಮಾಡಬೇಕು ಎಂದು ಬೆಂಗಳೂರಿನಲ್ಲಿ ಯಾರಿಗೂ ಹೊಳೆಯಲಿಲ್ಲವೇ?

ವಿಷಯ ದಾಟುವುದು ಪರದೇಶದ ಫ್ಯಾಷನ್ ಎನ್ನುವವರು ಶೃಂಗೇರಿ ಬಳಿಯ ಮೆಣಸೆಗೆ ಹೋಗಿ ಬರಲಿ. ಅಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿದೆ, ಪಕ್ಕದಲ್ಲೇ ಶೃಂಗೇರಿಯ ಪಾಠಶಾಲೆಯ ಪರಂಪರೆ ಇದೆ. ಹಳೆಯ ಕ್ರಮದಲ್ಲಿ ವಿದ್ಯಾರ್ಥಿ ಕಾವ್ಯದಿಂದ ಶುರುಮಾಡಿ, ವ್ಯಾಕರಣಕ್ಕೋ ತರ್ಕಕ್ಕೋ ಹೋಗಿ, ಅಲ್ಲಿಂದ ಮೀಮಾಂಸೆಗೆ, ವೇದಾಂತಕ್ಕೆ ಬರುತ್ತಿದ್ದ. ವ್ಯಾಕರಣ ಓದಿದವನು ವೇದಾಂತಕ್ಕೆ ಬಂದಾಗ ಗುರುಗಳು ಹಿಂದಿನ ಸರ್ಟಿಫಿಕೇಟ್ ಕೇಳುತ್ತಿರಲಿಲ್ಲ, ವಾಕ್ಯಾರ್ಥದ ಶಾಸ್ತ್ರಚರ್ಚೆಗೆ ಕೂರಿಸುತ್ತಿದ್ದರು. ಭಾದ್ರಪದದ ಮಹಾಗಣಪತಿ ವಾಕ್ಯಾರ್ಥ ಸಭೆಯಲ್ಲಿ ಇವತ್ತಿಗೂ ವಿದ್ವಾಂಸ ನಿಲ್ಲುವುದು ತನ್ನ ಮಾತಿನ ಬಲದ ಮೇಲೆ. ಆ ಪಾಠಶಾಲೆಯ ಬಾಗಿಲು ಎಲ್ಲ ಜಾತಿಗೆ, ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ಎಲ್ಲರಿಗೂ ತೆರೆಯುತ್ತೇವೆ ಎಂದು ಕಟ್ಟಿದ ವಿಶ್ವವಿದ್ಯಾಲಯಗಳು ಇನ್ನೊಂದು ಬಗೆಯ ಹುಟ್ಟಿನ ಲೆಕ್ಕ ಕೇಳುತ್ತಿರುವುದೇ ನನ್ನ ಸಿಟ್ಟಿಗೆ ಕಾರಣ.

ಆದ್ದರಿಂದ ಬೇಕಾದದ್ದನ್ನು ನೇರವಾಗಿ ಹೇಳುತ್ತೇನೆ. ಪಿಎಚ್.ಡಿ. ಅಧಿಸೂಚನೆಗಳಿಂದ “ಸಂಬಂಧಿತ ವಿಷಯ” ಎಂಬ ಷರತ್ತನ್ನು ಕಿತ್ತುಹಾಕಬೇಕು. ಅಭ್ಯರ್ಥಿಯ ಪ್ರಶ್ನೆ, ಪ್ರವೇಶ ಪರೀಕ್ಷೆ, ಈವರೆಗೆ ಮಾಡಿದ ಕೆಲಸ ಇವು ಮೂರೇ ಅಳತೆಯಾಗಬೇಕು. ಕೊರತೆ ಕಂಡರೆ ಇಂತಿಂಥ ಪತ್ರಿಕೆಗಳನ್ನು ಒಂದು ವರ್ಷದೊಳಗೆ ಓದಿ ಪಾಸಾಗಬೇಕು ಎಂದು ಬರೆದುಕೊಡಿ, ಓದುತ್ತಾರೆ. ಫೆಲೋಶಿಪ್ಪನ್ನು ಆ ವರ್ಷಕ್ಕೂ ಕೊಡಿ. ಇಬ್ಬರು ಮಾರ್ಗದರ್ಶಕರು ಎರಡು ವಿಭಾಗದಿಂದ ಬರುವುದನ್ನು ರೂಢಿ ಮಾಡಿ. ಸರ್ಕಾರಿ ಪದವಿ ಕಾಲೇಜುಗಳ ನೇಮಕದಲ್ಲಿ ಡಾಕ್ಟರೇಟಿನ ವಿಷಯವನ್ನೇ ಅರ್ಹತೆ ಎಂದು ಪರಿಗಣಿಸುವಂತೆ ರಾಜ್ಯ ಸರ್ಕಾರ ಯುಜಿಸಿಯ ಮೇಲೆ ಒತ್ತಡ ತರಬೇಕು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಕಾಲೇಜುಗಳು ಯಾವ ಶಂಕರಘಟ್ಟದ ಕಡೆ ನೋಡುತ್ತವೋ ಆ ಕುವೆಂಪು ವಿಶ್ವವಿದ್ಯಾಲಯ ಇದನ್ನು ಮೊದಲು ಮಾಡಲಿ. ಹಳದಿ ಎಲೆ ರೋಗ, ಮಂಗನ ಕಾಯಿಲೆ, ಸೊಪ್ಪಿನಬೆಟ್ಟ ಈ ಮೂರನ್ನೂ ಸಂಶೋಧನಾ ವಿಷಯಗಳೆಂದು ಘೋಷಿಸಿ, ಯಾವುದೇ ಪದವಿಯವರು ಬನ್ನಿ ಎಂದು ಕರೆಯಲಿ. ಮುಂದಿನ ಅಧಿಸೂಚನೆ ಹೊರಡುವ ಮೊದಲು ಪ್ರತಿ ವಿಶ್ವವಿದ್ಯಾಲಯದ ಸಿಂಡಿಕೇಟ್ ಸಭೆಯಲ್ಲೂ ಈ ಷರತ್ತು ಚರ್ಚೆಗೆ ಬರಬೇಕು. ಅದನ್ನು ಉಳಿಸಿಕೊಳ್ಳುತ್ತೇವೆ ಎನ್ನುವವರು ಯಾವ ಕಾರಣಕ್ಕೆ ಎಂಬುದನ್ನು ತಮ್ಮ ಹೆಸರಿನೊಡನೆ ನಡಾವಳಿಯಲ್ಲಿ ಬರೆಸಲಿ, ಆ ನಡಾವಳಿಯನ್ನು ಅಡ್ಡಗದ್ದೆಯ ಪಂಚಾಯಿತಿಯವರೆಗೂ ಕಳಿಸಲಿ.